ಡೀಸೆಲ್ ಸ್ನಾನ ಮಾಡಿದ ಪಾನಾ

ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆಯನ್ನು ಮೆಕ್ಯಾನಿಕ್‌ಗಳ ಮೇಲೆ ಪ್ರಯೋಗಿಸುವವರು ಒಮ್ಮೆ ಹೈದರಾಬಾದಿನ ಉಪ್ಪಲ್‌ನ ಗ್ಯಾರೇಜುಗಳ ಸಾಲಿಗೆ ಬರಬೇಕು. ಬಾಯಿ ಅಗಲವಾದ ಅಗ್ಗದ ಪಾನಾ ಹಿಡಿದು ತುಕ್ಕು ಹತ್ತಿದ ಒಂದೇ ಒಂದು ನಟ್ಟು ಬಿಚ್ಚಿ ನೋಡಬೇಕು. ನೆಲ ಕೆಲವು ಸಲ ನಿಜವಾಗಿಯೂ ಡೊಂಕಿರುತ್ತದೆ. ಅಮರೇಶಪ್ಪನ ಬಲಗೈಗೆ ಅದು ಚೆನ್ನಾಗಿ ಗೊತ್ತು.

ಅಮರೇಶಪ್ಪ ಲಿಂಗಸುಗೂರು ಕಡೆಯವನು. ಅಪ್ಪ ಅವ್ವ ಕಟ್ಟಡದ ಕೂಲಿಗೆಂದು ಹೈದರಾಬಾದಿಗೆ ಬಂದಾಗ ಅವರ ಹಿಂದೆಯೇ ಬಂದ. ಸಿಮೆಂಟಿನ ಬುಟ್ಟಿ ಹೊರುವುದು ತಲೆಗೂ ಒಗ್ಗಲಿಲ್ಲ, ಮನಸ್ಸಿಗೂ ಒಗ್ಗಲಿಲ್ಲ. ತಾರ್ನಾಕದಲ್ಲಿ ಒಬ್ಬ ಮುದಿ ಉಸ್ತಾದರ ಗ್ಯಾರೇಜಿಗೆ ಹೋಗಿ ಕೂತವನು ಅಲ್ಲೇ ಕೆಲಸ ಕಲಿತ. ಉಸ್ತಾದರು ಬೈಗುಳದಲ್ಲೇ ವಿದ್ಯೆ ಕೊಟ್ಟವರು. ಅವರ ಬೈಗುಳಗಳಲ್ಲಿ ಒಂದು ಮಾತ್ರ ಬೈಗುಳವಾಗಿರಲಿಲ್ಲ: "ಉಂಗ್ಲಿ ಸೆ ಸುನೋ ಮಿಯಾ." ನಟ್ಟು ಕೂತಿತೋ ಇಲ್ಲವೋ, ಇನ್ನೂ ಎಳೆದರೆ ಮುರಿಯುತ್ತದೋ, ಇದನ್ನೆಲ್ಲ ಬೆರಳಿನಿಂದ ಕೇಳಿಸಿಕೊಳ್ಳಬೇಕು ಎಂದು ಅದರ ಅರ್ಥ. ಅಮರೇಶಪ್ಪನ ಬೆರಳುಗಳಿಗೆ ಕಿವಿ ಬೇಗ ಬಂತು. ಅದರ ಬಲದ ಮೇಲೆಯೇ ಅವನು ಉಪ್ಪಲ್‌ನಲ್ಲಿ ಈಗ ಮೆಟ್ರೋ ಕಂಬದ ನೆರಳು ಬೀಳುವ ಕಡೆ ಸ್ವಂತ ಗ್ಯಾರೇಜು ಹಾಕಿದ, ಸೂಗಮ್ಮನನ್ನು ಮದುವೆಯಾದ, ಊರ ಕಡೆಯಿಂದ ದುಡಿಯಲು ಬಂದವರ ಗಾಡಿಗಳೆಲ್ಲ ತನ್ನ ಬಾಗಿಲಿಗೇ ಬರುವಂತೆ ಮಾಡಿಕೊಂಡ.

ಹಾಗಿದ್ದವನು, ಎಲ್ಲರಂತೆ, ರಸ್ತೆ ಬದಿಯಲ್ಲಿ ಗೋಣಿಚೀಲ ಹಾಸಿ ರಾಶಿ ಹಾಕಿ ಮಾರುವ ಪಾನಾಗಳನ್ನೇ ಕೊಳ್ಳುತ್ತಿದ್ದ. ಒಂದು ಹಾಳಾದರೆ ಇನ್ನೊಂದು ತಂದರಾಯಿತು ಎಂಬ ಲೆಕ್ಕ. ಒಂದು ದಿನ ಒಂದು ಮಿನಿ ಲಾರಿಯ ಕೆಳಗೆ ಮಲಗಿ ಮೈಯ ಬಲವನ್ನೆಲ್ಲ ಹಾಕಿ ಎಳೆಯುವಾಗ ಅಂಥದೊಂದು ಪಾನಾದ ಬಾಯಿ ಬಿಚ್ಚಿಕೊಂಡಿತು. ಕೈ ಜಾರಿ ಹೋಗಿ ತಗಡಿನ ಅಂಚಿಗೆ ಬಡಿಯಿತು. ಕಿರುಬೆರಳು ಮತ್ತು ಉಂಗುರದ ಬೆರಳಿನ ಬುಡದಲ್ಲಿ ಅಂಗೈ ಸೀಳಿತು. ಹೊಲಿಗೆ ಹಾಕಿದರು, ಗಾಯ ಮಾಯಿತು, ಬೆರಳು ಮಡಚುವುದಕ್ಕೂ ಬಂತು. ಆದರೆ ನರ ಕತ್ತರಿಸಿ ಹೋಗಿದೆ, ಸ್ಪರ್ಶ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವನು ಯಾರಿಗೂ ಹೇಳಲಿಲ್ಲ.

ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಮಾತು ಹೊರಗೆ ಹೋಗುತ್ತದೆ, ಹೊರಗೆ ಹೋದರೆ ಜೋಮು ಹಿಡಿದ ಕೈಯ ಮೆಕ್ಯಾನಿಕ್ಕನಿಗೆ ಯಾರು ಗಾಡಿ ಕೊಡುತ್ತಾರೆ ಎಂಬ ಭಯ. ಭಯ ತಪ್ಪೂ ಆಗಿರಲಿಲ್ಲ. ಆ ಎರಡು ಬೆರಳಿನಿಂದ ಅವನು ಹೆಂಚಿನ ಮೇಲಿನ ಸುಡುವ ಜೋಳದ ರೊಟ್ಟಿಯನ್ನು ಸಲೀಸಾಗಿ ಎತ್ತಿಕೊಳ್ಳುತ್ತಿದ್ದ. "ಕಬ್ಬಣದ ಕೈ ನಿಮ್ಮವು" ಎಂದು ಸೂಗಮ್ಮ ನಗುತ್ತಿದ್ದಳು, ಅವನೂ ನಕ್ಕು ಸುಮ್ಮನಾಗುತ್ತಿದ್ದ. ಅನ್ನದ ಅಗುಳಿಗೂ ಬೆಂಕಿಯ ಕೆಂಡಕ್ಕೂ ಆ ಬೆರಳುಗಳಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಗುಟ್ಟು ಕೈಯಲ್ಲಿ ಬಚ್ಚಿಟ್ಟರೂ ಕೆಲಸದಲ್ಲಿ ಹೊರಬಿತ್ತು. ಒಂದು ಕಾರಿಗೆ ಎಂಜಿನ್ ಆಯಿಲ್ ಬದಲಿಸಿದಾಗ ಕೆಳಗಿನ ಬೋಲ್ಟು ಸಡಿಲವೇ ಉಳಿದು ಆಯಿಲೆಲ್ಲ ದಾರಿಯುದ್ದಕ್ಕೂ ಸೋರಿತು. ಆ ಹೆದರಿಕೆಗೆ ಇನ್ನೊಂದು ಕಡೆ ಜಾಸ್ತಿ ಎಳೆದು ಬೋಲ್ಟೇ ಮುರಿದು ಬಂತು. ಈಗಿನ ಬೋಲ್ಟುಗಳೇ ಕಳಪೆ ಎಂದು ಬೈದು ಎರಡೂ ಸಲ ಪಾರಾದ. ಎಡಗೈಗೆ ಕಲಿಸಲು ನೋಡಿದ, ಅದು ಐವತ್ತು ವರ್ಷ ಸುಮ್ಮನಿದ್ದ ಕೈ, ಈಗ ಪಾಠ ಕೇಳಲಿಲ್ಲ.

ಆಗಲೇ ಅವನಿಗೆ ಆ ಪಾನಾ ಕಂಡಿದ್ದು. ರಾಯಚೂರು ಕಡೆಯ ಚೇತನಕುಮಾರ ಉಪ್ಪಲ್‌ನಲ್ಲಿ ಪಾನಾ, ಸುತ್ತಿಗೆಗಳಂಥ ಔಜಾರಗಳ ಅಂಗಡಿ ಇಟ್ಟಿದ್ದ. ಅವನು ಗಾಜಿನ ಕಪಾಟಿನಿಂದ ಒಂದು ಕೆಂಪು ಪೆಟ್ಟಿಗೆ ತೆಗೆದು ತೋರಿಸಿದ. ಅದಕ್ಕೆ ಟಾರ್ಕ್ ಪಾನಾ ಎನ್ನುತ್ತಾರೆ. ಹಿಡಿಯನ್ನು ತಿರುಗಿಸಿ ಎಷ್ಟು ಬಿಗಿ ಬೇಕೆಂದು ಅಂಕಿ ಹೊಂದಿಸಿದರೆ, ನಟ್ಟು ಅಷ್ಟು ಬಿಗಿಯಾದ ಕೂಡಲೇ 'ಟಕ್' ಎಂದು ಸದ್ದು ಮಾಡುತ್ತದೆ. ಅಲ್ಲಿಗೆ ನಿಲ್ಲಿಸಿದರೆ ಸಾಕು. ಬೆರಳು ಕೇಳಬೇಕಾದ್ದನ್ನು ಕಿವಿ ಕೇಳಿತು. ಅಮರೇಶಪ್ಪನಿಗೆ ಅಂಗಡಿಯಲ್ಲೇ ಕಣ್ಣು ತುಂಬಿ ಬಂತು, ಧೂಳು ಬಿತ್ತೆಂದು ಒರೆಸಿಕೊಂಡ.

ಆ ಪಾನಾ, ಅದರ ಜೊತೆಗೆ ನಟ್ಟನ್ನು ಬಳೆಯಂತೆ ಸುತ್ತಲೂ ಹಿಡಿಯುವ ಒಂದು ಸೆಟ್ಟು ಒಳ್ಳೆಯ ರಿಂಗ್ ಪಾನಾ ತಂದ. ಸೂಗಮ್ಮನಿಗೆ ಬೆಂಡೋಲೆ ಮಾಡಿಸಬೇಕೆಂದು ಕೂಡಿಟ್ಟದ್ದು ಅದರಲ್ಲೇ ಹೋಯಿತು. ಗ್ಯಾರೇಜುಗಳ ಸಾಲಿನಲ್ಲಿ ಎಲ್ಲರೂ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಆಡಿಕೊಂಡರು. ರಿಂಗ್ ಪಾನಾದ ಪರವಾಗಿ ಅವನು ಗಂಟಲು ಹರಿಯುವಂತೆ ವಾದಿಸಿದ. ಬಾಯಿ ಬಿಚ್ಚುವುದಿಲ್ಲ, ನಟ್ಟಿನ ಮೂಲೆ ತಿನ್ನುವುದಿಲ್ಲ, ಅಗ್ಗದ ಪಾನಾ ಹತ್ತು ಕೊಂಡು ಕೈ ಕಳೆದುಕೊಳ್ಳುವುದಕ್ಕಿಂತ ಇದು ಅಗ್ಗ ಎಂದ. ಅದನ್ನು ಜನ ಒಪ್ಪಿದರು. ಟಾರ್ಕ್ ಪಾನಾ ಯಾಕೆ, ನಿನ್ನ ಕೈಗಿಂತ ಅದು ಜಾಣವೇ ಎಂದು ಕೇಳಿದರೆ ಮಾತ್ರ ಗಾಡಿಯ ಕೆಳಗೆ ಸರಿದುಬಿಡುತ್ತಿದ್ದ. ಸೂಗಮ್ಮ ಬೆಂಡೋಲೆಯ ಸುದ್ದಿ ಎತ್ತಲಿಲ್ಲ. ಎತ್ತದಿದ್ದದ್ದೇ ಅವನಿಗೆ ಹೆಚ್ಚು ಚುಚ್ಚಿತು. ಕೆಂಪು ಪೆಟ್ಟಿಗೆ ಮುಟ್ಟಬೇಡ ಎಂದಷ್ಟೇ ಅವಳಿಗೆ ಹೇಳಿಟ್ಟ, ಯಾಕೆಂದು ಹೇಳಲಿಲ್ಲ. ಈ ಕಥೆಯ ಅನಾಹುತವೆಲ್ಲ ಆ ಒಂದು 'ಯಾಕೆ'ಯಲ್ಲಿ ಇತ್ತು.

ದಸರೆ ಬಂತು. ನಮ್ಮ ಕಡೆ ಮಹಾನವಮಿಗೆ ಖಂಡೆ ಪೂಜೆ. ದುಡಿಯುವ ಔಜಾರಗಳನ್ನೆಲ್ಲ ತೊಳೆದು, ಕಂಬಳಿ ಹಾಸಿ ಅದರ ಮೇಲೆ ಜೋಡಿಸಿ, ವಿಭೂತಿ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಹಾಗೆ ಪೂಜೆಗಿಟ್ಟ ಔಜಾರವನ್ನು ಬನ್ನಿ ಹಂಚುವ ತನಕ ಯಾರೂ ಎತ್ತುವಂತಿಲ್ಲ, ಅವಕ್ಕೂ ವರ್ಷಕ್ಕೊಮ್ಮೆ ವಿಶ್ರಾಂತಿ ಬೇಕಲ್ಲ. ತೊಳೆಯುವ ಕೆಲಸ ಅಮರೇಶಪ್ಪನ ಮನೆಯಲ್ಲಿ ಮೊದಲಿನಿಂದಲೂ ಸೂಗಮ್ಮನದು. ದೇವರ ಸಾಮಾನು ತಿಕ್ಕುವ ಶ್ರದ್ಧೆಯಿಂದಲೇ ಅವಳು ಗ್ರೀಸು ಮೆತ್ತಿದ ಪಾನಾಗಳನ್ನು ಡೀಸೆಲ್ಲಿನಲ್ಲಿ ನೆನೆಹಾಕಿ, ಬ್ರಷ್ಷಿನಿಂದ ಉಜ್ಜಿ, ಫಳಫಳ ಮಾಡಿಡುತ್ತಿದ್ದಳು. ಆ ವರ್ಷ ಅವನು ಬಾಳೆಕಂಬ, ಚೆಂಡು ಹೂವು ತರಲು ಪೇಟೆಗೆ ಹೋದಾಗ ಅವಳು ಎಲ್ಲವನ್ನೂ ತೊಳೆದಳು. ಬಂದು ನೋಡಿದರೆ ಕಂಬಳಿಯ ನಟ್ಟನಡುವೆ ಟಾರ್ಕ್ ಪಾನಾ ಹೊಸ ಮದುವಣಗಿತ್ತಿಯಂತೆ ಕೂತಿತ್ತು. ಪೆಟ್ಟಿಗೆಯಿಂದ ತೆಗೆದು ಒರೆಸಿ ಇಟ್ಟಿದ್ದಾಳೆ ಎಂದುಕೊಂಡ. ದೇವರ ಕೆಲಸಕ್ಕೆ ಮುಟ್ಟಿದ್ದಕ್ಕೆ ಏನು ಬೈಯುವುದು ಎಂದು ಬಿಟ್ಟ.

ಬನ್ನಿಯ ಮರುದಿನ ಬೆಳಿಗ್ಗೆ ಮೊದಲ ಗಿರಾಕಿ ಭೀಮಾಶಂಕರ. ಸುರಪುರ, ಶಹಾಪುರ ಕಡೆಯಿಂದ ಬಂದು ಕೂಲಿ ಮಾಡುವ ಹೆಣ್ಣುಮಕ್ಕಳನ್ನು ಉಪ್ಪಲ್ ಮತ್ತು ತಾರ್ನಾಕದಲ್ಲಿ ಹತ್ತಿಸಿಕೊಂಡು ಕೊಂಡಾಪುರದಲ್ಲಿ ಏಳುತ್ತಿದ್ದ ಕಟ್ಟಡಗಳಿಗೆ ಮುಟ್ಟಿಸುವುದು ಅವನ ದಿನದ ಬಾಡಿಗೆ. ಹಿಂದಿನ ಎರಡೂ ಚಕ್ರದ ಬ್ರೇಕು ಕಿರುಗುಟ್ಟುತ್ತಿವೆ ಎಂದು ವ್ಯಾನು ತಂದಿದ್ದ. ಹೆಂಗಸರು ಬುತ್ತಿ ಹಿಡಿದು ಗ್ಯಾರೇಜಿನ ಮುಂದೆಯೇ ಕಾಯುತ್ತ ನಿಂತಿದ್ದರು. ಅಮರೇಶಪ್ಪ ಚಕ್ರ ಬಿಚ್ಚಿ, ಬ್ರೇಕು ಸರಿಮಾಡಿ, ಚಕ್ರ ಹಾಕಿ, ಟಾರ್ಕ್ ಪಾನಾದಿಂದ ಒಂದೊಂದೇ ನಟ್ಟು ಬಿಗಿ ಮಾಡಿದ. ಪ್ರತಿಯೊಂದಕ್ಕೂ 'ಟಕ್' ಎಂದಿತು. ಭೀಮಾಶಂಕರ ಹಳೆಯ ನಂಬಿಕೆಯವನು. ಮಷೀನು ಏನೇ ಹೇಳಲಿ, ನೀವು ಕೈಯಿಂದ ಒಮ್ಮೆ ನೋಡಿರಿ ಎಂದ. ಅಮರೇಶಪ್ಪ ಸಾದಾ ಪಾನಾ ಹಾಕಿ ಎಳೆದಂತೆ ಮಾಡಿ, "ಕಲ್ಲಿದ್ದಂಗ ಕುಂತೈತಿ, ಹೋಗು" ಎಂದ. ಅವನ ಕೈಗೆ ಏನೂ ತಿಳಿದಿರಲಿಲ್ಲ. ಕಿವಿಯನ್ನು ನಂಬಿ ನಾಲಿಗೆ ಹೇಳಿದ ಮಾತು ಅದು.

ವ್ಯಾನು ಹೋಯಿತು. ಇನ್ನೊಂದು ಕಾರಿನ ಚಕ್ರಕ್ಕೆ ಕೂತ. ಒಂದು ನಟ್ಟಿಗೆ ಪಾನಾ ಹಾಕಿ ಇನ್ನೂ ಸರಿಯಾಗಿ ಎಳೆದೇ ಇರಲಿಲ್ಲ, 'ಟಕ್' ಎಂದಿತು. ಅದನ್ನು ಸಡಿಲಿಸಿ ಮತ್ತೆ ಎಳೆದ. ಈ ಸಲ ಎಳೆದಷ್ಟೂ ಎಳೆಯುತ್ತಲೇ ಹೋಯಿತು, ಸದ್ದೇ ಇಲ್ಲ. ಅವನು ಪಾನಾವನ್ನು ಮೇಲೆತ್ತಿದಾಗ ಹಿಡಿಯ ಒಳಗಿನಿಂದ ಸಣ್ಣಗೆ ಏನೋ ಸೋರಿ ಮುಂಗೈ ಮೇಲೆ ಇಳಿಯಿತು. ಮೂಸಿ ನೋಡಿದ. ಡೀಸೆಲ್ಲು.

ಅಷ್ಟೊತ್ತಿಗೆ ಸೂಗಮ್ಮ ನಾಷ್ಟಾ ತಂದಿದ್ದಳು. ಇದನ್ನು ಏನು ಮಾಡಿದ್ದೀಯ ಎಂದು ಕೇಳಿದ. ಅವಳ ಮುಖದಲ್ಲಿ ಹೆಮ್ಮೆಯೇ ಇತ್ತು.

"ಮೊದಲನೇ ಖಂಡೆ ಪೂಜಿ ಅಲ್ರಿ ಅದರದು. ನಿಮ್ಮ ಜೀವ ಅದರ ಮ್ಯಾಲ ಐತಿ ಅಂತ ನನಗ ಗೊತ್ತೈತಿ. ಉಳಿದವಕ್ಕಿಂತ ಹೆಚ್ಚು ನೆನಿಯಾಕ ಬಿಟ್ಟು, ಹಿಡಿ ತಿರುವಿ ತಿರುವಿ ಒಳಗಿನ ಜಿಡ್ಡೆಲ್ಲ ತಗದೀನಿ."

ಒಳಗಿನ ಜಿಡ್ಡು. ಆ ಪಾನಾದ ಲೆಕ್ಕವೆಲ್ಲ ನಿಂತಿದ್ದದ್ದೇ ಒಳಗಿನ ಸ್ಪ್ರಿಂಗು ಮತ್ತು ಅದಕ್ಕೆ ಸವರಿದ ಗ್ರೀಸಿನ ಮೇಲೆ. ಗ್ರೀಸು ಕರಗಿ ಹೋದ ಮೇಲೆ ಅದು ಒಮ್ಮೆ ಬೇಗ ಸದ್ದು ಮಾಡುತ್ತದೆ, ಒಮ್ಮೆ ಮಾಡುವುದೇ ಇಲ್ಲ. ಭೀಮಾಶಂಕರನ ವ್ಯಾನಿನ ಯಾವ ನಟ್ಟಿಗೆ ಯಾವ ಸದ್ದು ಮಾಡಿತೋ ದೇವರೇ ಬಲ್ಲ. ಅಮರೇಶಪ್ಪ ಬೈಯಲಿಲ್ಲ, ಬೈಯುವಷ್ಟು ಹೊತ್ತೂ ಇರಲಿಲ್ಲ. ಉಸ್ತಾದರು ಕೊಟ್ಟಿದ್ದ ಎಲ್ ಆಕಾರದ ಹಳೇ ವ್ಹೀಲ್ ಪಾನಾ ಎತ್ತಿಕೊಂಡು ಸ್ಕೂಟರು ಹತ್ತಿದ. ಏನಾಯಿತೆಂದು ತಿಳಿಯದಿದ್ದರೂ ಸೂಗಮ್ಮ ಹಿಂದೆ ಏರಿ ಕೂತಳು.

ಭೀಮಾಶಂಕರ ಗಾಡಿ ಓಡಿಸುವಾಗ ಫೋನು ಎತ್ತುವವನಲ್ಲ. ಆ ಒಳ್ಳೆಯ ಗುಣವನ್ನು ಅಮರೇಶಪ್ಪನೇ ಎಷ್ಟೋ ಸಲ ಹೊಗಳಿದ್ದ, ಇಂದು ಅದಕ್ಕೇ ಶಾಪ ಹಾಕಿದ. ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ತಾರ್ನಾಕದ ಹೆಂಗಸರನ್ನು ಹತ್ತಿಸಿಕೊಳ್ಳಲು ವ್ಯಾನು ಯೂನಿವರ್ಸಿಟಿಯ ಗೋಡೆಯ ಬಳಿ ನಿಲ್ಲುತ್ತದೆ. ಅಲ್ಲಿ ಸಿಕ್ಕರೆ ಸಿಕ್ಕಿತು. ಅದು ದಾಟಿದರೆ ಸಿಕಂದರಾಬಾದು, ಅಲ್ಲಿಂದ ಮುಂದೆ ಒಂದರ ಹಿಂದೆ ಒಂದು ಮೇಲ್ಸೇತುವೆ, ಸೇತುವೆಯ ಮೇಲೆ ವೇಗ. ಚಕ್ರ ಕಳಚಿದರೆ ಅಲ್ಲೇ ಕಳಚುತ್ತದೆ. ಅಮರೇಶಪ್ಪನ ಕಣ್ಣಿಗೆ ಬುತ್ತಿಗಂಟುಗಳು ರಸ್ತೆಯ ತುಂಬ ಚೆಲ್ಲಿದಂತೆ ಕಂಡವು.

ಸೂಗಮ್ಮನಿಗೆ ಸಾಬಮ್ಮನ ನೆನಪಾಯಿತು. ಸಾಬಮ್ಮ ಆ ಹೆಂಗಸರಲ್ಲಿ ಹಿರಿಯಳು, ಎಲ್ಲರಿಗೂ ಬುದ್ಧಿ ಹೇಳುವವಳು, ಫೋನನ್ನು ಬುತ್ತಿಯ ಅರಿವೆಯಲ್ಲಿ ಸುತ್ತಿ ಇಡುವವಳು. ಸೂಗಮ್ಮ ಅವಳಿಗೆ ಫೋನು ಹಚ್ಚಿದಳು. ಸಾಬಮ್ಮ ಗಂಟು ಬಿಚ್ಚಿ ಎತ್ತಿಕೊಳ್ಳುವಷ್ಟರಲ್ಲಿ ಸ್ಕೂಟರು ಉಪ್ಪಲ್‌ನ ಸಿಗ್ನಲ್ಲಿನಲ್ಲಿ ಬಸ್ಸುಗಳ ನಡುವೆ ಸಿಕ್ಕಿಕೊಂಡಿತ್ತು. ಸೂಗಮ್ಮ ಫೋನನ್ನು ಗಂಡನ ಕಿವಿಗೆ ಹಿಡಿದಳು. ಸಾಬಮ್ಮ ತನ್ನ ಫೋನಿನ ದನಿ ದೊಡ್ಡದು ಮಾಡಿ ಭೀಮಾಶಂಕರನ ಕಡೆ ಚಾಚಿದಳು.

ನಿಜ ಹೇಳುವುದಕ್ಕೆ ಅದೇ ಹೊತ್ತು. ಆದರೆ ಮನುಷ್ಯನ ನಾಲಿಗೆ ಮೊದಲು ಮಾನ ನೋಡುತ್ತದೆ, ಆಮೇಲೆ ಪ್ರಾಣ. ನನ್ನದೊಂದು ಪಾನಾ ನಿನ್ನ ಗಾಡಿಯಲ್ಲಿ ಉಳಿದಿದೆ, ಬದಿಗೆ ನಿಲ್ಲಿಸು, ಬಂದು ತೆಗೆದುಕೊಳ್ಳುತ್ತೇನೆ ಎಂದ. ನಿಲ್ಲಿಸಿದರೆ ಸಾಕು, ಹೋಗಿ ಸದ್ದಿಲ್ಲದೆ ನಟ್ಟು ನೋಡಿಬಿಡಬಹುದು ಎಂಬ ಆಸೆ. ಭೀಮಾಶಂಕರ ನಕ್ಕ. ಸಂಜೆ ತಂದು ಕೊಡುತ್ತೇನೆ, ಈಗ ನಿಲ್ಲಿಸಿದರೆ ಮೇಸ್ತ್ರಿ ಇವರಿಗೆಲ್ಲ ಹಾಜರಿ ಹಾಕುವುದಿಲ್ಲ ಎಂದ. ಸಾಬಮ್ಮ ಫೋನು ಇಟ್ಟಳು.

ಸಿಗ್ನಲ್ಲು ಬಿಟ್ಟಿತು. ಮತ್ತೆ ಹಚ್ಚಿದರೆ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಗಂಟಿನೊಳಗೆ ಹೋಗಿತ್ತು. ಒಂದು ಸುಳ್ಳಿಗೆ ಎಷ್ಟು ಬೆಲೆ ಎಂದು ಅಮರೇಶಪ್ಪನಿಗೆ ಒಂದೊಂದು ಮೆಟ್ರೋ ಕಂಬ ಹಿಂದೆ ಸರಿದಂತೆ ತಿಳಿಯುತ್ತ ಹೋಯಿತು. ಎದುರಿಗೆ ಬರುವ ಗಾಡಿಗಳಲ್ಲೆಲ್ಲ ಅವನು ಮೊದಲು ಚಕ್ರ ನೋಡುತ್ತಿದ್ದ. ಸೂಗಮ್ಮ ಬಿಡದೆ ಹಚ್ಚುತ್ತಿದ್ದಳು. ಹಬ್ಸಿಗೂಡ ದಾಟುವಾಗ ಸಾಬಮ್ಮ ಕೊನೆಗೂ ಎತ್ತಿದಳು, ಎತ್ತಿದವಳೇ ರೇಗಿದಳು. ವ್ಯಾನು ತಾರ್ನಾಕದಲ್ಲಿ ನಿಂತು ಜನ ಹತ್ತುತ್ತಿದ್ದರು, ಇನ್ನೇನು ಹೊರಡುವುದಿತ್ತು.

"ಭೀಮಾಶಂಕರಾ, ಗಾಡಿ ಬಿಡಬ್ಯಾಡ. ಹಿಂದಿನ ಗಾಲಿ ನಟ್ಟು ಸಡ್ಲ ಇರಬೌದು. ಆ ಪಾನಾ ಕೆಟ್ಟೈತಿ, ನನಗ ಈಗ ಗೊತ್ತಾತು."

"ಪಾನಾ ಕೆಟ್ಟರ ಏನಾತು ಅಣ್ಣಾರ? ನೀವ ಕೈಲೆ ನೋಡಿ ಕಲ್ಲಿದ್ದಂಗ ಕುಂತೈತಿ ಅಂದ್ರಲ್ಲ."

ಎಂಜಿನ್ ಶುರುವಾದ ಸದ್ದು ಫೋನಿನಲ್ಲಿ ಕೇಳಿತು. ಅಮರೇಶಪ್ಪ ಸ್ಕೂಟರನ್ನು ಹಾಗೆಯೇ ಓಡಿಸುತ್ತಿದ್ದ. ಬೆನ್ನಿಗೆ ಹೆಂಡತಿಯ ಎದೆ ತಾಗಿತ್ತು, ಕಿವಿಗೆ ಅವಳ ಕೈ ತಾಗಿತ್ತು. ಫೋನಿನ ಆ ತುದಿಯಲ್ಲಿ ಒಂದು ವ್ಯಾನು ಜನ.

"ನನ್ನ ಕೈಗೆ ತಿಳಿಯಂಗಿಲ್ಲೋ" ಎಂದ. "ಪೆಟ್ಟು ಬಿದ್ದಾಗಿಂದ ಬಲಗೈಯಾಗಿನ ಎರಡು ಬೆರಳು ಸತ್ತಾವು. ನಟ್ಟು ಬಿಗಿ ಐತೋ ಸಡ್ಲ ಐತೋ ನನಗ ಗೊತ್ತಾಗಂಗಿಲ್ಲ. ಅದಕ್ಕ ಆ ಪಾನಾ ತಂದಿದ್ದೆ. ಮುಂಜಾನಿ ನಿನಗ ಸುಳ್ಳು ಹೇಳೀನಿ. ಹೆಣ್ಮಕ್ಕಳನ್ನ ಕೆಳಗ ಇಳಸು."

ಆ ಕಡೆ ಎಂಜಿನ್ ಸದ್ದು ನಿಂತಿತು. ಸುಡುವ ರೊಟ್ಟಿಯನ್ನು ಸಲೀಸಾಗಿ ಎತ್ತುತ್ತಿದ್ದ ಆ ಕೈಯನ್ನು ನೆನೆದು, ಅದಕ್ಕೆ ತಾನು ನಕ್ಕಿದ್ದನ್ನು ನೆನೆದು ಸೂಗಮ್ಮ ಬೆನ್ನ ಹಿಂದೆ ಅಳುತ್ತಿದ್ದಳು.

ಯೂನಿವರ್ಸಿಟಿ ಗೋಡೆಯ ಬಳಿ ವ್ಯಾನು ನಿಂತಿತ್ತು. ಹೆಂಗಸರೆಲ್ಲ ಇಳಿದು ಗೋಡೆಯ ನೆರಳಿಗೆ ಕೂತಿದ್ದರು. ಅಮರೇಶಪ್ಪ ಯಾರ ಮುಖವನ್ನೂ ನೋಡದೆ ಹೋಗಿ ಹಿಂದಿನ ಬಲ ಚಕ್ರದ ಮುಂದೆ ಕೂತು ಹಳೇ ಪಾನಾ ಹಾಕಿದ. ಅಲ್ಲಿ ನಟ್ಟುಗಳು ಅಲುಗಲಿಲ್ಲ. ಒಂದು ಗಳಿಗೆ ಅವನಿಗೆ ಉಸಿರು ಬಂತು, ಸುಮ್ಮನೆ ಮಾನ ಕಳೆದುಕೊಂಡೆನೇ ಎಂಬ ಪಾಪದ ಯೋಚನೆಯೂ ಬಂತು. ಆಮೇಲೆ ಎಡ ಚಕ್ರಕ್ಕೆ ಬಂದ. ಮೊದಲ ನಟ್ಟಿಗೆ ಪಾನಾ ಬೇಕಾಗಲಿಲ್ಲ. ಎಡಗೈಯ ಎರಡು ಬೆರಳಿನಲ್ಲಿ ಹಿಡಿದು ತಿರುಗಿಸಿದರೆ ನಲ್ಲಿಯಂತೆ ತಿರುಗಿತು. ಎರಡನೆಯದೂ ತಿರುಗಿತು. ಗೋಡೆಯ ಬುಡದಲ್ಲಿ ಯಾರೋ ಒಬ್ಬಳು ಶಿವಶಿವಾ ಎಂದಳು.

ಭೀಮಾಶಂಕರನ ಮುಖ ಬೂದಿಯಾಗಿತ್ತು. ಅಮರೇಶಪ್ಪ ಪಾನಾ ಅವನ ಕಡೆ ಚಾಚಿ ನೀನೇ ಎಳೆ, ನಾನು ಹೇಳಿಕೊಡುತ್ತೇನೆ ಎಂದ. ಭೀಮಾಶಂಕರ ಕೈ ಹಿಂದೆ ಕಟ್ಟಿಕೊಂಡ. ಇಷ್ಟು ಮಂದಿಯ ಜೀವ ನನ್ನ ಹೆಗಲಿಗಿದೆ, ನಿನ್ನ ಮಾತು ಕೇಳಿ ಇನ್ನೊಮ್ಮೆ ಮುಟ್ಟಲಾರೆ ಎಂದ. ಅವನು ಹೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಪಾನಾ ಅಮರೇಶಪ್ಪನ ಕೈಯಲ್ಲೇ ಉಳಿಯಿತು. ಹಾಕಿದ, ಎಳೆದ, ನಿಲ್ಲಿಸಿದ. ಸಾಕಾಯಿತೋ ಇನ್ನೂ ಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಗಾಡಿಗಳ ನಡುವೆ ಬದುಕಿದ ಮನುಷ್ಯ ಒಂದು ನಟ್ಟಿನ ಮುಂದೆ ಕುರುಡನಾಗಿ ಕೂತಿದ್ದ.

ಸೂಗಮ್ಮ ಸೆರಗು ಸಿಕ್ಕಿಸಿಕೊಂಡು ಅವನ ಪಕ್ಕ ಬಂದು ಮಂಡಿಯೂರಿ ಕೂತಳು. ಅವನ ಕೈಯಿಂದ ಪಾನಾ ಬಿಡಿಸಿಕೊಂಡಳು.

"ಎಲ್ಲಿಗೆ ನಿಲ್ಲಿಸಬೇಕು, ಹೇಳ್ರಿ."

ಅವನು ಅವಳನ್ನು ನೋಡಿದ. ಹೇಳುವುದಕ್ಕೆ ಮಾತು ಹುಡುಕಬೇಕಾಯಿತು, ಯಾಕೆಂದರೆ ಇದನ್ನು ಉಸ್ತಾದರೂ ಅವನಿಗೆ ಮಾತಿನಲ್ಲಿ ಹೇಳಿರಲಿಲ್ಲ. ಮೊದಲು ಹಗುರವಾಗಿ ಬರುತ್ತದೆ, ಆಮೇಲೆ ಕೂರುತ್ತದೆ, ಕೂತ ಮೇಲೆ ಇನ್ನೊಂದಿಷ್ಟು ಬಲ ಹಾಕಬೇಕು ಎಂದ. ಅವಳಿಗೆ ಹಿಡಿತ ಸಿಗಲಿಲ್ಲ. "ರೊಟ್ಟಿ ಹಿಟ್ಟು ನಾದತಿ ನೋಡು" ಎಂದ. "ಕಡೀಕ ಹಿಟ್ಟು ನಿನ್ನ ಅಂಗೈನ ಹಿಂದಕ ದಬ್ಬತೈತಿ. ಹಂಗ ದಬ್ಬಿದಾಗ ನಿಲ್ಲಸು." ಸೂಗಮ್ಮನ ಮುಖ ತಿಳಿಯಾಯಿತು. ಎಳೆದಳು. ತಡೆದಳು. ಇನ್ನೊಂದಿಷ್ಟು ಎಳೆದು, "ದಬ್ಬಾಕತ್ತೈತಿ" ಎಂದು ನಿಲ್ಲಿಸಿದಳು. ಎದುರು ಬದುರು ನಟ್ಟುಗಳನ್ನು ಅವನು ತೋರಿಸಿದಂತೆ ಬಿಗಿ ಮಾಡುತ್ತ ಹೋದಳು. ಬಲ ಚಕ್ರದ್ದನ್ನೂ ಬಿಚ್ಚಿ ಮತ್ತೆ ಮಾಡಿಸಿದ. ಬಿಗಿಯಾಗಿದ್ದ ಒಂದು ನಟ್ಟು ಬಿಚ್ಚುವಾಗ ಕಿರ್ರೆಂದಿತು, ಅದಕ್ಕೆ ಪಾನಾ ಸದ್ದು ತಡವಾಗಿ ಮಾಡಿರಬೇಕು, ಇನ್ನೊಂದು ಎಳೆತಕ್ಕೆ ಮುರಿಯುತ್ತಿತ್ತು.

ಮುಗಿದ ಮೇಲೆ ಭೀಮಾಶಂಕರ ಪಾನಾ ತೆಗೆದುಕೊಂಡು ಒಂದೊಂದೇ ಎಳೆದು ನೋಡಿದ. ಪಾನಾ ವಾಪಸು ಕೊಟ್ಟ. ಹೆಂಗಸರು ಏಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ಆಗ ಸಾಬಮ್ಮ ಎದ್ದಳು. ಬುತ್ತಿ ಕಂಕುಳಿಗಿಟ್ಟುಕೊಂಡು ಹೋಗಿ ವ್ಯಾನು ಹತ್ತಿ, ಹಿಂದಿನ ಎಡ ಚಕ್ರದ ಸರಿಯಾಗಿ ಮೇಲಿದ್ದ ಸೀಟಿನಲ್ಲಿ ಕೂತಳು. ಕಿಟಕಿಯಿಂದ ತಲೆ ಹೊರಗೆ ಹಾಕಿ ಅಮರೇಶಪ್ಪನಿಗೆ ಒಂದೇ ಮಾತು ಹೇಳಿದಳು.

"ಪಾನಾ ಉಳದೈತಿ ಅಂದ್ಯಲ್ಲಪ್ಪ ಮೊದಲ, ಆಗ ನಾವು ಸತ್ತಿದ್ರ?"

ಉಳಿದವರು ಒಬ್ಬೊಬ್ಬರೇ ಹತ್ತಿದರು, ವ್ಯಾನು ನಿಧಾನಕ್ಕೆ ಹೊರಟಿತು. ಗಂಡ ಹೆಂಡತಿ ಅದರ ಹಿಂದೆಯೇ ಸ್ಕೂಟರಿನಲ್ಲಿ ಹೋದರು, ಎಡ ಚಕ್ರದ ಮೇಲೆ ಕಣ್ಣಿಟ್ಟು, ಕೊಂಡಾಪುರದಲ್ಲಿ ಕೊನೆಯ ಹೆಂಗಸು ಇಳಿಯುವ ತನಕ.

ಅಂಥ ಮಾತು ಊರಲ್ಲಿ ನಿಲ್ಲುತ್ತದೆಯೇ? ಸಂಜೆಯೊಳಗೆ ಗ್ಯಾರೇಜುಗಳ ಸಾಲಿಗೆಲ್ಲ ಗೊತ್ತಾಯಿತು. ಕೆಲವು ಗಿರಾಕಿಗಳು ಬೇರೆ ಬಾಗಿಲು ನೋಡಿಕೊಂಡರು, ಭೀಮಾಶಂಕರನೂ ಬಹಳ ದಿನ ಬರಲಿಲ್ಲ. ಟಾರ್ಕ್ ಪಾನಾವನ್ನು ಚೇತನಕುಮಾರ ರಿಪೇರಿಗೆ ಕಳಿಸಿದ. ಅಲ್ಲಿ ಬಿಚ್ಚಿ, ಗ್ರೀಸು ಹಾಕಿ, ಅಂಕಿ ತಾಳೆ ನೋಡಿ ವಾಪಸು ಕೊಟ್ಟರು. ಈಗ ಅಮರೇಶಪ್ಪ ಪ್ರತಿ ಚಕ್ರವನ್ನೂ ಆ ಪಾನಾದಿಂದ ಬಿಗಿ ಮಾಡುತ್ತಾನೆ, ಆಮೇಲೆ ಸೂಗಮ್ಮ ಬಂದು ಸಾದಾ ಪಾನಾ ಹಾಕಿ ಎಳೆದು ನೋಡುತ್ತಾಳೆ. ಗಾಡಿಯವನ ಎದುರಿಗೇ ನೋಡುತ್ತಾಳೆ, ಅದರಲ್ಲಿ ಗುಟ್ಟಿಲ್ಲ. ಮೊದಮೊದಲು ಜನ ನಕ್ಕರು. ಮಳೆಗಾಲದ ಹೊತ್ತಿಗೆ ನಗು ನಿಂತು, ಅಕ್ಕ ನೋಡಿದಳೇ ಎಂದು ಕೇಳುವುದು ಶುರುವಾಯಿತು. ಭೀಮಾಶಂಕರನ ವ್ಯಾನು ಒಂದು ದಿನ ಏನೂ ಆಗಿಲ್ಲವೆಂಬಂತೆ ಬಂದು ಬಾಗಿಲಿಗೆ ನಿಂತಿತು. ಅವನು ಕೇಳಿದ್ದು ಸೂಗಮ್ಮನನ್ನೇ.

ಅಷ್ಟು ದುಡ್ಡು ಕೊಟ್ಟು ತಂದದ್ದು ಸಾರ್ಥಕವಾಯಿತೇ ಎಂದು ಈಗಲೂ ಯಾರಾದರೂ ಕೆಣಕುತ್ತಾರೆ. ರಿಂಗ್ ಪಾನಾ ಕಣ್ಣು ಮುಚ್ಚಿ ತಗೋ ಎನ್ನುತ್ತಾನೆ ಅಮರೇಶಪ್ಪ. ಟಾರ್ಕ್ ಪಾನಾ ಕೊಳ್ಳುವ ಮುಂಚೆ ಅದು ನಿನಗೆ ಯಾಕೆ ಬೇಕೆಂದು ಮನೆಯಲ್ಲಿ ಹೇಳಿ ತಗೋ ಎನ್ನುತ್ತಾನೆ. ಕೇಳಿದವರಿಗೆ ಇದು ಅರ್ಧ ಮಾತ್ರ ತಿಳಿಯುತ್ತದೆ.

ಮತ್ತೆ ಮಹಾನವಮಿ ಬಂತು. ಸೂಗಮ್ಮ ಎಲ್ಲ ಪಾನಾಗಳನ್ನೂ ಡೀಸೆಲ್ಲಿನಲ್ಲಿ ತೊಳೆದಳು. ಟಾರ್ಕ್ ಪಾನಾವನ್ನು ಮಾತ್ರ ಒಣ ಅರಿವೆಯಿಂದ ಮೆಲ್ಲಗೆ ಒರೆಸಿ, ಒಳಗಿನ ಸ್ಪ್ರಿಂಗಿಗೂ ವಿಶ್ರಾಂತಿ ಸಿಗಲೆಂದು ಹಿಡಿಯ ಅಂಕಿಯನ್ನು ಅವನು ಕಲಿಸಿದಂತೆ ಕೆಳಗಿಳಿಸಿ, ಕಂಬಳಿಯ ಮೇಲೆ ಇಟ್ಟಳು. ಒಂದೊಂದಕ್ಕೂ ವಿಭೂತಿ ಎಳೆದಳು, ಕುಂಕುಮ ಇಟ್ಟಳು. ತಟ್ಟೆ ಕೆಳಗಿಡುವ ಬದಲು ಗಂಡನ ಬಲಗೈ ಎಳೆದುಕೊಂಡು ಟಾರ್ಕ್ ಪಾನಾದ ಪಕ್ಕದಲ್ಲಿ ಕಂಬಳಿಯ ಮೇಲೆ ಇಟ್ಟಳು. ಕಿರುಬೆರಳಿಗೂ ಉಂಗುರದ ಬೆರಳಿಗೂ ವಿಭೂತಿ ಹಚ್ಚಿದಳು. ಅದು ತಾಗಿದ್ದು ಅವನಿಗೆ ತಿಳಿಯಲಿಲ್ಲ, ಕಣ್ಣಿನಿಂದ ನೋಡಿದ.

"ಇವನ್ನೂ ಬನ್ನಿತನಕ ಎತ್ತಂಗಿಲ್ರಿ" ಎಂದಳು ಸೂಗಮ್ಮ.

ಅವನು ಎತ್ತಲಿಲ್ಲ. ಮಧ್ಯಾಹ್ನದ ಊಟಕ್ಕೆ ಅವಳೇ ರೊಟ್ಟಿ ಮುರಿದು ಬಾಯಿಗಿಟ್ಟಳು.